ಮೇಕೆ ಸಾಕುವವರೂ ಇದ್ದಾರೆ

ಕುಲ್ದೀಗದ ಅಚ್ಚುಮನೆಯಲ್ಲಿ, ಕಾಗದ ಕತ್ತರಿಸುವ ಯಂತ್ರದ ಪಕ್ಕ
ಸ್ಕೈದ್ರೀತೆಯ ಮೇಜು. ವಯಸ್ಸು ಅರವತ್ತೆರಡು.
ಅವಳ ಲಾಟ್ವಿಯನ್ನಿನಲ್ಲಿ ದೀರ್ಘವೆಂದರೆ
ಅಕ್ಷರದ ತಲೆಯ ಮೇಲೊಂದು ಅಡ್ಡಗೆರೆ,
ಮಗುವಿನ ಹುಬ್ಬಿನಷ್ಟು.
ಅದಿದ್ದರೆ ಕಾಜ಼ಸ್, ಮದುವೆ.
ಬಿದ್ದುಹೋದರೆ ಕಜ಼ಸ್, ಮೇಕೆಗಳು.

ಮೂರು ವರ್ಷದ ಹಿಂದೆ ನೂರಿಪ್ಪತ್ತು ಆಮಂತ್ರಣ,
ಕೆನೆಬಣ್ಣದ ದಪ್ಪ ಕಾಗದ, ಹೊಂಬಣ್ಣದ ಅಂಚು:
"ಶನಿವಾರ ಮೂರು ಗಂಟೆಗೆ
ನಮ್ಮ ಮೇಕೆಗಳಿಗೆ ತಪ್ಪದೆ ಬನ್ನಿ."
ವಧು ನಕ್ಕಳು. ವಧುವಿನ ಅತ್ತೆ ನಗಲಿಲ್ಲ.
ಕಾಗದದ ದುಡ್ಡನ್ನು ಸಂಬಳದಲ್ಲಿ ಮುರಿದುಕೊಂಡ
ಮಾಲೀಕ ಗುನ್ವಾಲ್ಡಿಸ್. ಒಳ್ಳೆಯವನೇ,
ಆದರೂ ಮುರಿದುಕೊಂಡ.

ಆ ಚಳಿಗಾಲ ಕಾಲುಚೀಲ ಹೆಣೆಯುವುದು ಬಿಟ್ಟು
ಮೊಮ್ಮಗನ ಹಳೇ ಪುಸ್ತಕದಿಂದ ಕೋಡ್ ಕಲಿತಳು.
ಹೆಣಿಗೆ ಬಲ್ಲವರಿಗೆ ಲೂಪು ಹೊಸದೇನಲ್ಲ,
ಒಂದು ಕಣ್ಣು ತಪ್ಪಿದರೆ
ಎಲ್ಲಿಯವರೆಗೆ ಬಿಚ್ಚಬೇಕೆಂಬುದೂ.

ಈಗ ಪ್ಲಗಿನ್ ಸಿದ್ಧ. ನಾನೂರು ಚಿಲ್ಲರೆ ಸಾಲು.
ಎಡಿಟರಿನಲ್ಲಿ ದೀರ್ಘ ಕಳೆದುಕೊಂಡಂತಿರುವ ಪದ ಕಂಡರೆ
ಕೆಳಗೊಂದು ಕೆಂಪು ಗೆರೆ ಎಳೆಯುತ್ತದೆ, ಅಷ್ಟೇ.
ಸಮುದಾಯಕ್ಕೆ ಸಲ್ಲಿಸುವ ಅರ್ಜಿಯಲ್ಲಿ ಸಣ್ಣ ಸಣ್ಣ ಚೌಕಗಳು.
ಹೆಸರು. ಏನು ಮಾಡುತ್ತದೆ. ಯಾವ ಆವೃತ್ತಿ.
"ನಿಮ್ಮ ನಂತರ ಇದನ್ನು ನೋಡಿಕೊಳ್ಳುವವರು?"
ಅಲ್ಲಿ ಕೈ ನಿಂತಿತು.
ಚಹಾ ತಣ್ಣಗಾಗುವಷ್ಟು ಹೊತ್ತು ನಿಂತಿತು.
"ಗೊತ್ತಿಲ್ಲ" ಎಂದು ಬರೆದು, ಕಳಿಸಿ,
ದೀಪ ಆರಿಸಿದಳು.

ಐದನೆಯ ದಿನ ರಾತ್ರಿ ಹನ್ನೊಂದಕ್ಕೆ ಉತ್ತರ.
ಅತ್ತ ಆಗಲೇ ಮರುದಿನದ ಬೆಳಗು:
ನ್ಯೂಜಿಲೆಂಡಿನ ಓತಕಿ ಎಂಬ ಊರು,
ಪರಿಶೀಲಿಸಿದವಳು ಙಾಹುಯಿಯ.
ಹೌದು, ನಾವು ಸ್ಲೇಟಿನ ಮೇಲೆ ತಿದ್ದಿ
ಆಮೇಲೆಂದೂ ಮಾತಾಡಿಸದ ಆ ಙ.
ಅಲ್ಲಿ ಅದು ಹೆಸರಿನ ಬಾಗಿಲಲ್ಲೇ ನಿಂತಿದೆ.

ಹದಿನಾಲ್ಕು ಟಿಪ್ಪಣಿ.
ಲೈಸೆನ್ಸ್ ಎಲ್ಲಿದೆ?
ಹತ್ತು ಸಾವಿರ ಸಾಲಿನ ಕಡತ ತೆರೆದರೆ
ಎಡಿಟರ್ ಉಸಿರು ಕಟ್ಟಿ ಕೂರುತ್ತದೆ.
ಎಪ್ಪತ್ತೊಂದನೆಯ ಸಾಲಿನ ವೇರಿಯಬಲ್ಲಿಗೆ
"ಅತ್ತೆ" ಎಂಬ ಹೆಸರೇಕೆ?
ಸ್ಕೈದ್ರೀತೆಯ ಕಿವಿ ಬಿಸಿಯಾಯಿತು.
ನಾಲ್ಕನೆಯ ತರಗತಿ, ಕೆಂಪು ಶಾಯಿ, ಮೇಷ್ಟರ ಕೆಮ್ಮು,
ಎಲ್ಲಾ ಒಟ್ಟಿಗೆ ನೆನಪಾಯಿತು.

ಒಂಬತ್ತನೆಯದು:
"ಬರೀ ಗೆರೆ ಎಳೆದು ಸುಮ್ಮನಾಗುವುದೇಕೆ?
ತಾನೇ ತಿದ್ದಿಬಿಡಬಾರದೆ?"
ನಿಘಂಟು ಮಗ್ಗುಲಲ್ಲಿಟ್ಟು ಉತ್ತರಿಸಿದಳು:
"ಮೇಕೆ ಸಾಕುವವರೂ ಇದ್ದಾರೆ.
ಕೇಳದೆ ಅವರ ಕೊಟ್ಟಿಗೆಯಲ್ಲಿ
ಮದುವೆ ಮಾಡಲಾಗದು."

ಅರ್ಧ ಗಂಟೆಗೆ ಆ ಕಡೆಯಿಂದ:
"ಒಪ್ಪಿದೆ. ನಮ್ಮ ಮಾವೋರಿಯಲ್ಲಿ ಕೆಕೆ ಎಂದರೆ ಕೇಕು,
ಎರಡಕ್ಕೂ ದೀರ್ಘ ಹಾಕಿ ಕೇಕೇ ಎಂದರೆ ಕಂಕುಳು.
ಶಾಲೆಯ ಸುತ್ತೋಲೆಯಲ್ಲಿ ಒಮ್ಮೆ
ಮಕ್ಕಳಿಗೆಲ್ಲ ಕಂಕುಳು ಹಂಚಿದವಳು ನಾನು."
ನಡುರಾತ್ರಿ, ಒಬ್ಬಳೇ,
ಸ್ಕೈದ್ರೀತೆ ಬಾಯಿಗೆ ಸೆರಗಿಲ್ಲದೆ
ಅಂಗೈ ಒತ್ತಿ ನಕ್ಕಳು.

ಹದಿನಾಲ್ಕನೆಯದನ್ನು ಆಮೇಲೆ ಓದಿದಳು.
"ಲೇಖಕಿಯ ಹೆಸರಿನ ಕೆಳಗೆ
ನಿಮ್ಮ ಪ್ಲಗಿನ್ನೇ ಗೆರೆ ಎಳೆಯುತ್ತಿದೆ.
ದೋಷ ಅದರದ್ದೋ?"

ನೋಡಿದಳು. ಸ್ಕೈದ್ರಿತೆ.
ಬ್ಯಾಂಕಿನ ಕಾರ್ಡಿನಲ್ಲಿ, ಕರೆಂಟು ಬಿಲ್ಲಿನಲ್ಲಿ,
ಗಂಡನ ಆಸ್ಪತ್ರೆಯ ಚೀಟಿಯಲ್ಲಿ
"ಹತ್ತಿರದ ಸಂಬಂಧಿ" ಎಂಬಲ್ಲಿ, ಹೀಗೇ.
ಅಂದಿನ ಯಂತ್ರಗಳು ಆ ಗೆರೆಯನ್ನು ನುಂಗುತ್ತಿದ್ದವು.
ನುಂಗಿಸಿ ನುಂಗಿಸಿ
ಬೆರಳು ತಾನೇ ನುಂಗುವುದು ಕಲಿತಿತ್ತು.
ಬಾಯಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

ಎರಡು ಕೀಲಿ ಒತ್ತಿದಳು. ಕೆಂಪು ಹೋಯಿತು.
ಒಂದು ತೀರಿತು.
ಉಳಿದವು ಹದಿಮೂರು, ಹಣೆಪಟ್ಟಿ ಇನ್ನೂ ಹಳದಿ:
"ಬದಲಾವಣೆ ಬೇಕು."

ಮಾಡುತ್ತಾಳೆ. ಲೈಸೆನ್ಸ್ ಹಾಕುತ್ತಾಳೆ,
ಉಸಿರುಕಟ್ಟುವುದನ್ನು ಬಿಡಿಸುತ್ತಾಳೆ.
ಎಪ್ಪತ್ತೊಂದನೆಯ ಸಾಲಿನ ಅತ್ತೆಯನ್ನು ಮಾತ್ರ
ಬಿಟ್ಟುಕೊಡುವುದಿಲ್ಲ.