ಮೂರು ಕಾಲಂ

ಫೆಬ್ರವರಿ. ಟೊಲೀಡೊ.
ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮದ ಮೇಲೆ
ಹೆಜ್ಜೆ ಎಣಿಸುತ್ತ ಶಾಲೆಯೊಳಗೆ ಹೋದೆವು, ನಾನು, ಮಗ.
ಮಿಸೆಸ್ ಗ್ರಾಬೊವ್ಸ್ಕಿ ಬಿಳಿಹಾಳೆಯ ಮೇಲೆ
ಎರಡು ಗೆರೆ ಎಳೆದರು. ಮೂರು ಕಾಲಂ ಆಯಿತು.
ಎಟುಕಿದರೆ ಅದೃಷ್ಟ.
ಎಟುಕಬಹುದು.
ಎಟುಕಿಯೇ ಎಟುಕುತ್ತದೆ.

ಮೊದಲ ಕಾಲಂ ನನ್ನದು.
ಹನ್ನೆರಡು ವರ್ಷದಿಂದ ಫ್ರಿಜ್ಜಿಗೆ ಅಂಟಿಸದೆಯೇ
ಮನೆಯಲ್ಲಿ ಎಲ್ಲರಿಗೂ ಕಾಣುತ್ತಿದ್ದ ಪಟ್ಟಿ.
ಏಳು ಹೆಸರು, ಒಂದೇ ಉಸಿರಿನಲ್ಲಿ ಹೇಳಿದೆ.

ಚಿರಂತನ ಅಂಕಪಟ್ಟಿ ಮೇಜಿನ ಮೇಲಿತ್ತು.
ಬಿ. ಬಿ. ಬಿ ಪ್ಲಸ್. ಬಿ. ರಸಾಯನಶಾಸ್ತ್ರದಲ್ಲಿ ಒಂದು ಸಿ,
ಕರೆಯದೆ ಬಂದು ಮೊದಲ ಪಂಕ್ತಿಗೇ ಕೂತ ನೆಂಟನ ಹಾಗೆ.
ಗಾಜಿನ ಕಾರ್ಖಾನೆಯಲ್ಲಿ ಗುಳ್ಳೆ ಹುಡುಕುವ ಕೆಲಸ ನನ್ನದು;
ಕಣ್ಣು ಹೋಗುವುದೇ ಅಲ್ಲಿಗೆ.
ಎ ಅಂದರೆ ಏಣಿ, ಮೇಲೇರಿದಷ್ಟೂ ಚೂಪು.
ಬಿ ನೋಡಿ: ನೆಟ್ಟಗೆ ಬೆನ್ನು, ಎರಡು ಹೊಟ್ಟೆ,
ಉಂಡು ಗೋಡೆಗೊರಗಿ ಕೂತ ಮನುಷ್ಯ.

ವರ್ಷಕ್ಕೆ ಇಪ್ಪತ್ತೆರಡು ಸಾವಿರ ಡಾಲರ್ ಕಟ್ಟಿದ್ದು
ಈ ಮನುಷ್ಯನಿಗಾ?
ಅಂದದ್ದು ಬಾಯಲ್ಲ, ನನ್ನ ಮುಖ.
ಅವನಿಗೆ ನನ್ನ ಮುಖ ಓದಲು ಬರುತ್ತದೆ.
ಆ ಒಂದು ವಿಷಯದಲ್ಲಿ ಅವನಿಗೆ ಎ.

"ಈ ಶಾಲೆಯ ಬಿ ಕಷ್ಟದ ಬಿ. ಕಾಲೇಜಿನವರಿಗೆ ಗೊತ್ತು.
ಎಷ್ಟು ಗೊತ್ತು ಅಂತ ಮಾತ್ರ ನಾನು ಮಾತು ಕೊಡಲಾರೆ,"
ಅನ್ನುತ್ತ ಏಳರಲ್ಲಿ ಐದಕ್ಕೆ
ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು, ಒತ್ತದೆ,
ರಬ್ಬರಿಗೆ ಅವಕಾಶ ಬಿಟ್ಟು.
ನಡುವಿನ ಕಾಲಮ್ಮಿನಲ್ಲಿ ನಾನು ಕೇಳಿರದ ಹೆಸರುಗಳು.
ಜೋಳದ ಹೊಲದ ಮಧ್ಯೆ ಒಂದು ಗಂಟೆಗೋಪುರ ಇರುವಂಥವು.
ಡೆಟ್ರಾಯಿಟ್ಟಿನ ಗೆಳೆಯರು
ಯಾವುದದು, ಸ್ಪೆಲ್ಲಿಂಗ್ ಹೇಳು, ಎನ್ನುವಂಥವು.

ಮನೆಗೆ ಬರುವವರೆಗೆ ಕಾರಿನಲ್ಲಿ ಹೀಟರ್ ಒಂದೇ ಮಾತಾಡಿತು.

ಏಪ್ರಿಲ್. ಅಂಥದೇ ಒಂದು ಊರು.
ನಮ್ಮನ್ನು ಸುತ್ತಾಡಿಸಿದ ಹುಡುಗಿ ಹಿಮ್ಮುಖವಾಗಿ ನಡೆಯುತ್ತ
ಒಂದು ಗಂಟೆ ವಿವರಿಸಿದಳು, ಒಮ್ಮೆಯೂ ಎಡವಲಿಲ್ಲ.
ನಾನು ಕೇಳಿದೆ: ಇಲ್ಲಿ ಓದಿದವರು ಮುಂದೆ ಏನಾಗುತ್ತಾರೆ?
ಮಗ ಕೇಳಿದ: ಆ ಕೆರೆಯ ಹತ್ತಿರ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ?

ಹಾಸ್ಟೆಲ್ಲಿನ ಮಾದರಿ ಕೋಣೆ.
ಹೊದಿಕೆ ಇಲ್ಲದ ಹಾಸಿಗೆಯ ಮೇಲೆ ಅವನು ಉದ್ದಕ್ಕೆ ಮಲಗಿ ನೋಡಿದ.
ಪಾದ ಎರಡೂ ಆಚೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ
ನಮ್ಮಪ್ಪ ನನಗೆ, ನಾನು ಇವನಿಗೆ.
ಯಾರ ಮಾತನ್ನೂ ಕೇಳದೆ ಬೆಳೆದಿವೆ ಇವನ ಕಾಲು.
"ಸಾಲುತ್ತೆ ಅಪ್ಪ," ಅಂದ, "ಮಡಚಿಕೊಂಡರೆ ಸಾಲುತ್ತೆ."
ನನಗೆ ಯಾಕೋ ಕಿಟಕಿಯ ಕಡೆ ತಿರುಗಬೇಕಾಯಿತು.
ಹೊರಗೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು.

ಮೇ. ಈರಿ ಸರೋವರದಂಚಿನ ಜೌಗು, ಹಲಗೆಯ ಕಾಲುಹಾದಿ, ಬೆಳಿಗ್ಗೆ ಆರು.
ರಾತ್ರಿಯಿಡೀ ದಕ್ಷಿಣದಿಂದ ಹಾರಿಬಂದ ಅಂಗೈಯಗಲದ ಹಕ್ಕಿಗಳು
ಅಷ್ಟು ದೊಡ್ಡ ನೀರು ದಾಟುವ ಮುಂಚೆ
ಇಲ್ಲಿ ಇಳಿದು ಹುಳ ತಿನ್ನುತ್ತವೆ.
ಅವನ ಕೈಯಲ್ಲಿ ಅವನದೇ ಪಟ್ಟಿ, ಏಳು ವರ್ಷದ್ದು,
ಒಮ್ಮೆ ನೀರಿಗೆ ಬಿದ್ದು ಒಣಗಿದ ನೋಟ್‌ಬುಕ್ಕು.
ಅಗೋ, ಕಿತ್ತಳೆ ಕತ್ತಿನದು, ಬರೆದುಕೋ, ಅಂದೆ.
ಬರೆಯಲಿಲ್ಲ. "ನನಗೆ ಕಂಡದ್ದು ಬಾಲ ಮಾತ್ರ."
ಬಾಲ ಕಂಡರೆ ಹಕ್ಕಿ ಕಂಡ ಹಾಗಲ್ಲವೇನೋ?
"ಅಲ್ಲ."

ನನ್ನ ಜೇಬಿನಲ್ಲಿ ಆ ಬಿಳಿಹಾಳೆ, ನಾಲ್ಕು ಮಡಿಕೆ.
ಮೊದಲ ಕಾಲಮ್ಮಿನ ಏಳರಲ್ಲಿ ನಾನು ಕಣ್ಣಾರೆ ಕಂಡದ್ದು,
ನಿಜ ಹೇಳಬೇಕೆಂದರೆ,
ಟೀ ಶರ್ಟು. ಅದೂ ಬೇರೆಯವರ ಮಕ್ಕಳ ಮೈಮೇಲೆ.

ಪೆನ್ಸಿಲ್ ಕೊಡು ಒಂದು ನಿಮಿಷ, ಅಂದೆ.
ಅವನು ಕೊಡಲಿಲ್ಲ.
ನನ್ನ ಭುಜದ ಪಕ್ಕದ ಕೊಂಬೆಯನ್ನೇ ನೋಡುತ್ತ,
ತುಟಿ ಅಲುಗದ ಹಾಗೆ:
ಅಪ್ಪ, ಅಲ್ಲಾಡಬೇಡ.