ಬಿ ಸೈಡು, ಎರಡನೇ ಪದ

ಬೀದರಿನ ಚೌಬಾರಾದ ಹಿಂದ ಮೂರನೇ ಅಂಗಡಿ ನಂದು.
ಈಗ ಮೊಬೈಲಿಗೆ ಗಾಜು ಹಾಕ್ತೀನಿ, ಚಾರ್ಜರ್ ಮಾರ್ತೀನಿ.
ಅಟ್ಟದ ಮ್ಯಾಲ ಒಂದು ಬಿಸ್ಕೀಟಿನ ಡಬ್ಬಿ ಅದ,
ಅದರೊಳಗ ನಾವು ಐದು ಮಂದಿ ಅದೀವಿ.

ಬ್ಯಾಂಡಿನ ಹೆಸರು ಸುರಂಗಬಾವಿ.
ಸ್ಯಾಮ್ಸನ್ನನ ಗಿಟಾರು ಚರ್ಚಿಂದು,
ಸೋಮವಾರ ಒಯ್ದರ ಶನಿವಾರ ಸಂಜಿಗೆ ತಂದಿಡಬೇಕು,
ಪಾಸ್ಟರರ ಕರಾರು.
ಝರೆಪ್ಪನ ದಿಮ್ಮಡಿ ಅವಂದೇ, ತೊಗಲು ಉದ್ರಿ.
ಚಾಂದಪಾಷಾ ಹಗಲೆಲ್ಲ ಬಿದರಿ ಹೂಜಿಗೆ ಬೆಳ್ಳಿ ತಂತಿ ಕೂಡಿಸಿ
ರಾತ್ರಿ ಅದೇ ಕರೀ ಬೆರಳಿಲೇ ಕ್ಯಾಸಿಯೋ ಒತ್ತತಿದ್ದ.
ಪುತಳಾಬಾಯಿ ಹಾಡ್ತಿದ್ಲು.
ನಾನಾ?
ನಾನು ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಾಂವ.

ನೌಬಾದಿನ ಹೊಲದಾಗ ಸುರಂಗದ ಬಾಯಿ,
ಸುಲ್ತಾನರ ಕಾಲದ್ದು ಅಂತಾರ. ಯಾರ ಕಾಲದ್ದರೇ ಇರಲಿ,
ಕೂಗಿದರ ಕೆಳಗಿಂದ ಇನ್ನೊಬ್ಬರು ಕೂಡಿ ಹಾಡಿದಂಗ.
ಹೈದರಾಬಾದಿನ ಸ್ಟುಡಿಯೋದಾಗ ಅಂಥ ಗುಂಯ್ ಅನ್ನೋ ದನಿಗೆ
ತಾಸಿಗೆ ಮುನ್ನೂರು ಕೇಳಿದ್ರು.
ನಾವು ಮೈಕಿಗೆ ಹಗ್ಗ ಕಟ್ಟಿ ಇಳಿಬಿಟ್ವಿ,
ಹನ್ನೆರಡು ಮೊಳ,
ನೀರಿಗೆ ಒಂದು ಮೊಳ ಉಳಿಸಿ.

ಪುತಳಾಬಾಯಿ ತನ್ನ ಆಯಿಯ ಬೀಸೋ ಪದ ಎತ್ತಿದಳು.
ಕಲ್ಲು ಒಂದು ಸುತ್ತು ತಿರುಗೋದರೊಳಗ ಒಂದು ಸಾಲು ಮುಗೀತದ,
ಗಿಟಾರಿಗೆ ಮೂರೇ ಕಾರ್ಡು ಸಾಕಾದವು.
ಎರಡನೇ ನುಡಿ ಮುಗಿಯೋ ಹೊತ್ತಿಗೆ
ಏರ್‌ಫೋರ್ಸಿನ ಯಾವನೋ ಹುಡುಗ, ಹಾರೋದು ಕಲೀತಾ,
ನಮ್ಮ ತಲಿ ಮ್ಯಾಲೇ ಝೂಂಯ್ ಅಂತ ಹೋದ.
ಅಕಿ ನಿಲ್ಲಿಸಲಿಲ್ಲ.
ಸ್ವರ ಹಿಡದಳು, ಅದು ದಾಟಿ ಹೋಗೋತನ ಹಿಡದೇ ಇದ್ದಳು,
ಆಮ್ಯಾಲ ಮೂರನೇ ನುಡಿ.
ಬ್ಯಾರೆ ಟೇಪ್ ಇರಲಿಲ್ಲ. ಹಂಗೇ ಬಿಟ್ವಿ.

ತೊಂಬತ್ತಾರನೇ ಇಸ್ವಿ, ಐದುನೂರು ಕ್ಯಾಸೆಟ್.
ಮೊದಲು ಹಿಡದವರು ಟಂಟಂ ಡ್ರೈವರ್‌ಗಳು,
ಭಾಲ್ಕಿ, ಔರಾದ, ಹುಮನಾಬಾದ,
ಆಮ್ಯಾಲ ಉರುಸಿನ ಬಳಿ ಅಂಗಡಿ, ಗಣಪತಿ ಮಂಡಳಿ,
ಕಲಬುರ್ಗಿಯ ಒಂದು ಕಾಲೇಜಿನ ಗ್ಯಾದರಿಂಗು.
ಅಲ್ಲಿ ಹುಡುಗರು ಕುಣಿದು ಎಂಟು ಬೆಂಚು ಮುರದ್ರು,
ಪ್ರಿನ್ಸಿಪಾಲರು ಅದರ ರೊಕ್ಕ ನಮ್ಮ ಪಗಾರದಾಗ ಕಡದ್ರು.
ಝರೆಪ್ಪ ಒಂದು ಬೆಂಚಿನ ಕಾಲು ಮನಿಗೆ ಒಯ್ದ.
ನಮ್ಮ ರೊಕ್ಕದ್ದಲ್ಲೇನ್, ಅಂದ.

ಎರಡನೇ ಕ್ಯಾಸೆಟಿಗೆ ಕಂಪನಿಯಾಂವ ಬಂದ.
ಪ್ಯಾಡ್ ಹಾಕ್ರಿ, ದಿಮ್ಮಡಿ ತಗೀರಿ, ಅಂದ.
ಝರೆಪ್ಪ ಒಂದು ವಾರ ಮಾತಾಡಲಿಲ್ಲ,
ಎರಡನೇ ವಾರ ಬರಲಿಲ್ಲ.
ಕವರಿನ ಮ್ಯಾಲ ಎಲ್ಲಾರ ಹೆಸರು ಬಂದಿದ್ದವು,
ಚಾ ತಂದುಕೊಟ್ಟ ಹುಡುಗಂದೂ.
ಸಾಹಿತ್ಯ ಅನ್ನೋದರ ಮುಂದ: ಜಾನಪದ.

ಪುತಳಾಬಾಯಿ ಹೊಳ್ಳಿಸಿ ಹೊಳ್ಳಿಸಿ ನೋಡಿದಳು.
ಯಾರ್ರೀ ಈ ಜಾನಪದ? ಯಾವೂರಾಂವ?
ನಮ್ಮ ಆಯಿ ಹೆಸರು ತುಳಜಾಬಾಯಿ, ಚಿಟಗುಪ್ಪಾದಾಕಿ.
ಹತ್ತು ಹಡದಳು, ನಾಕು ಉಳದವು.
ಈ ಪದ ಐದನೇದು.

ಕಂಪನಿಯಾಂವ ನಕ್ಕ.
ನಾವು ನಗಲಿಲ್ಲ, ಖರೇ, ಆದರ ಸುಮ್ಮನಿದ್ವಿ.
ಮೊದಲನೇ ಕವರಿನ ಮ್ಯಾಲೂ ಹಂಗೇ ಇತ್ತು,
ಅದು ನನ್ನ ಕೈಬರಹ,
ಅದನ್ನ ನಾನು ಯಾರಿಗೂ ನೆನಪು ಮಾಡಲಿಲ್ಲ.

ಲಾತೂರಿಂದ ಒಬ್ಬಾಕಿ ಬಂದಳು, ಒಂದು ವರ್ಷ ಜಗ್ಗಿದಿವಿ.
ದನಿ ಮಸ್ತ್ ಇತ್ತು,
ಬೀಸೋ ಕಲ್ಲು ಅಕಿ ನೋಡಿರಲಿಲ್ಲ.
ಸ್ಯಾಮ್ಸನ್ ಗಿಟಾರು ಚರ್ಚಿಗೆ ತಿರುಗಿ ಕೊಟ್ಟ,
ಶನಿವಾರ ಅಲ್ಲ, ಬುಧವಾರ.
ಕ್ಯಾಸಿಯೋದ ಎರಡು ಮನಿ ಈಗಲೂ ಒದರ್ತಾವಂತ,
ಚಾಂದಪಾಷಾನ ಮೊಮ್ಮಕ್ಕಳಿಗೆ ಅಷ್ಟು ಸಾಕು.

ಮೊನ್ನೆ ಶಾಹಗಂಜಿನಾಗ ಒಂದು ಮದುವಿ ಮನಿ.
ಅರಿಷಿಣ ಹಚ್ಚತಾ ಹುಡುಗೇರು ಅದೇ ಪದ ಹಾಡಿದರು.
ಎರಡನೇ ನುಡಿ ಮುಗಿದದ್ದೇ ತಡ
ಎಲ್ಲಾರೂ ತಲಿ ಮ್ಯಾಲ ಕೈ ಹಾಯಿಸಿ
ಝೂಂಯ್ ಅಂದರು,
ಒಂದು ಸ್ವರ ಹಿಡದರು,
ಆಮ್ಯಾಲ ಮೂರನೇ ನುಡಿ.
ಅದೇನವಾ ಅದು, ನಡುವ? ಅಂದೆ.
ಅದು ಹಂಗೇ ಅದ ಕಾಕಾ, ಅಜ್ಜ ಮುತ್ತ್ಯಾರ ಕಾಲದ್ದು.

ರಾತ್ರಿ ಶಟರ್ ಅರ್ಧಾ ಇಳಿಸಿ ಡಬ್ಬಿ ತಗದೆ.
ಜಾನಪದ ಅಂತ ನನ್ನ ಅಕ್ಷರ. ಆಗ ಚಂದ ಬರೀತಿದ್ದೆ.
ಅದರ ಮುಂದ ಜಾಗ ಇರಲಿಲ್ಲ, ಅಂಚಿಗೆ ಅಡ್ಡ ಬರದೆ:
ತುಳಜಾಬಾಯಿ, ಚಿಟಗುಪ್ಪಾ.
ಪೆನ್ನು ಮುಚ್ಚಿದೆ, ಮತ್ತ ತಗದೆ.
ಕೆಳಗ, ಸಣ್ಣಕ್ಕ:
ವಿಮಾನ — ಹೆಸರು ಗೊತ್ತಿಲ್ಲ.