ಗಂಜಿ ಹಚ್ಚಿ ಅಂಟಿಸಿದ ದಿನಗಳು

ಕಾಂಪಾರಿನ ನಮ್ಮ ಸೈಕಲ್ ಅಂಗಡಿಗೆ
ಅಕ್ಕಿ ಮಂಡಿಯ ವೂನ್ ಕೀಟ್ ವರ್ಷವರ್ಷ ಕೊಡುತ್ತಿದ್ದ
ಇಟ್ಟಿಗೆಯಷ್ಟು ದಪ್ಪದ ಕ್ಯಾಲೆಂಡರು.
ದಿನಕ್ಕೊಂದು ಹಾಳೆ, ಈರುಳ್ಳಿ ಸಿಪ್ಪೆಯಷ್ಟು ತೆಳು.
ನಡುವೆ ನನ್ನ ಅಂಗೈಯಗಲದ ಅಂಕಿ;
ಭಾನುವಾರಕ್ಕೆ ಕೆಂಪು,
ಜೂಜಿನ ಶನಿವಾರಕ್ಕೆ ಒಂದು ಪುಟ್ಟ ಕುದುರೆ,
ಮೂಲೆಯಲ್ಲಿ ಚಂದ್ರನ ತಿಥಿ,
ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರ:

ಕ್ಷೌರಕ್ಕೆ ಒಳ್ಳೆಯದು. ಬಾವಿ ತೋಡಬೇಡ.
ಮಗ್ಗ ಹೂಡಬಹುದು. ಹಾಸಿಗೆ ಜರುಗಿಸಬೇಡ.

ನಮಗೆ ಬಾವಿಯಿರಲಿಲ್ಲ, ಮಗ್ಗವೂ ಇರಲಿಲ್ಲ.
ಆದರೂ ಓದು ಬಾರದ ಆ-ಪೊ, ನನ್ನ ಅಜ್ಜಿ,
ಬೆಳಗಾದರೆ ನನ್ನಿಂದ ಓದಿಸಿ
ತಲೆ ಬಾಚಬೇಕೋ ಬೇಡವೋ ತೀರ್ಮಾನಿಸುವಳು.
ಒಮ್ಮೊಮ್ಮೆ ನಾನೇ ಸೇರಿಸಿ ಓದುತ್ತಿದ್ದೆ:
ಮಕ್ಕಳಿಗೆ ಐಸ್ ಕೊಡಿಸಬಹುದು.
'ಎರಡೇ ಅಕ್ಷರಕ್ಕೆ ಇಷ್ಟು ಉದ್ದ ಮಾತೇ?' ಎನ್ನುತ್ತಲೇ
ಸೊಂಟದ ಚೀಲ ಬಿಚ್ಚುವಳು.

ನನಗೆ ಏಳು ತುಂಬಿದ ವರ್ಷ.
ಒಲೆದೇವರ ಬಾಯಿಗೆ ಜೇನು ಸವರಿ
ಮೇಲಕ್ಕೆ ಕಳಿಸಿಯಾಗಿತ್ತು, ನಮ್ಮ ಚಾಡಿ ಹೇಳದಿರಲೆಂದು.
ಅಪ್ಪ ಲಾರಿಯೊಡನೆ ಸಿಂಗಪುರದಲ್ಲಿ.
'ಎಂದು ಬರ್ತಾನೆ?'
ಅನಾನಸ್ ಕೆದಕುತ್ತಿದ್ದ ಅಮ್ಮ ತಿರುಗದೆಯೇ ಅಂದಳು:
'ಇನ್ನು ನಾಲ್ಕು ಹಾಳೆ.'

ಬಿಸ್ಕತ್ ಡಬ್ಬಿ ಹತ್ತಿ ನಾಲ್ಕೂ ಹರಿದೆ.
ಹೊಸ ಅಂಗಿ ತೊಟ್ಟು ಹೊಸ್ತಿಲ ಮೇಲೆ ಕೂತೆ.
ಹೊತ್ತು ಮುಳುಗಿತು. ಸೊಳ್ಳೆ ಬಂದವು.
ಲಾರಿ ಬರಲಿಲ್ಲ.

ಆ-ಪೊ ಬೈಯಲಿಲ್ಲ.
ರಾತ್ರಿ ಉಳಿದ ಗಂಜಿಯನ್ನು ಹೆಬ್ಬೆರಳಲ್ಲಿ ಅರೆದು
ಒಂದೊಂದೇ ದಿನವನ್ನು ಮತ್ತೆ ಗೋಡೆಗೇರಿಸಿದಳು,
ಅಂಕಿ ಗೊತ್ತಿಲ್ಲದವಳು, ಕೈಗೆ ಸಿಕ್ಕ ಹಾಗೆ.
ಬೆಳಗಾಗುವಷ್ಟರಲ್ಲಿ ಒಣಗಿ ಹಲಗೆಯಾಗಿತ್ತು.
ಮೇಲೆ ಗುರುವಾರ. ಶನಿವಾರ ಎಲ್ಲೋ ಒಳಗೆ,
ಕುದುರೆ ಸಮೇತ.

ನಾಲ್ಕು ದಿನ ನಮ್ಮ ಮನೆಯಲ್ಲಿ ಗುರುವಾರವೇ.
ಕುದುರೆ ಕಾಣದೆ ಆ-ಕುಂಗ್ ಪಂಕ್ಚರ್ ಹಾಕುತ್ತಾ ಕೂತ.
ತನ್ನ ಬಾಳಿನಲ್ಲಿ ಗೆಲ್ಲಬೇಕಿದ್ದ ಒಂದೇ ಕುದುರೆ
ಅಂದೇ ಓಡಿತೆಂದು
ಸಾಯುವ ತನಕ ಎಲ್ಲರಿಗೂ ಹೇಳಿದ.

ಅಪ್ಪ ಬಂದ. ಡೀಸೆಲ್ ವಾಸನೆ, ಬುಟ್ಟಿ ತುಂಬ ಕಿತ್ತಳೆ.
ಇಡೀ ಮೀನು ಬೇಯಿಸಿ, ವರ್ಷಕ್ಕೆ ಮಿಗಲೆಂದು
ಬಾಲದ ಕಡೆ ಉಳಿಸಿದೆವು.
ನಡುರಾತ್ರಿ ಬಾಗಿಲು ತೆರೆದೆವು, ಪಟಾಕಿ ಸುಟ್ಟೆವು.
ಅಂಗಳದ ಕೆಂಪು ಚೂರು ಗುಡಿಸದಂತೆ
ಪೊರಕೆ ಬಚ್ಚಿಟ್ಟದ್ದು ಎಲ್ಲೆಂದು
ಮೂರನೆಯ ದಿನ ಯಾರಿಗೂ ನೆನಪಿರಲಿಲ್ಲ.

ಆ ದಪ್ಪ ವಾರವನ್ನು ಆ-ಪೊ ಎಸೆದಿರಲಿಲ್ಲ.
ಮಡಿಸಿ, ಹಿರಿಯರ ಪಟದ ಮೇಜಿನ
ಕುಂಟುಕಾಲಿಗೆ ಒತ್ತು ಕೊಟ್ಟಿದ್ದಳು.

ಅಂಗಡಿ ಮಾರಿದ ದಿನ ಅದನ್ನು ಎಳೆದು ನೋಡಿದೆ.
ಇರುವೆ ಗಂಜಿಯ ಜೊತೆ ಅಂಕಿಯ ಹೊಟ್ಟೆಯನ್ನೂ ತಿಂದಿದ್ದವು.
ಅಡಿಯಲ್ಲಿ 'ಇಂದು ಒಳ್ಳೆಯದು' ಎಂಬಷ್ಟು ಉಳಿದಿತ್ತು,
ಯಾವುದಕ್ಕೆ ಎಂಬಲ್ಲಿ ತೂತು.
ಚೀನೀ ಅಕ್ಷರ ಕಲಿಯದ ಮಗಳು ಕೇಳಿದಳು, 'ಏನಂತೆ?'
ಐಸಿನ ವಿಷಯ ಬಾಯಿಗೆ ಬಂತು. ಹೇಳಲಿಲ್ಲ.

ಮೇಜು ವಾಲುತ್ತಿತ್ತು.
ಮತ್ತೆ ಮಡಿಸಿ ಕಾಲಿಗೆ ಕೊಟ್ಟು
ಕೊಂಡವನಿಗೆ ಅಂದೆ:
'ಇದೂ ಸೇರಿಯೇ ಬೆಲೆ.'